ಎಲೆಕ್ಟ್ರಾನ್ ದಾನದ ಕಥೆ ಸಾಕು

ಅಯಾನಿಕ ಬಂಧ ಎಂದರೇನು ಎಂದು ಹತ್ತನೇ ತರಗತಿ ಮುಗಿಸಿದ ಯಾರನ್ನು ಕೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ ಒಂದು ಎಲೆಕ್ಟ್ರಾನ್ ಇದೆ, ಕ್ಲೋರಿನ್ ಪರಮಾಣುವಿನ ಹೊರಕವಚದಲ್ಲಿ ಏಳು ಇವೆ. ಸೋಡಿಯಂ ತನ್ನ ಒಂದನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆದುಕೊಳ್ಳುತ್ತದೆ. ಎರಡಕ್ಕೂ ಎಂಟರ ಪೂರ್ಣತೆ ಒದಗಿ ಸ್ಥಿರತೆ ಬರುತ್ತದೆ. ಹೀಗೆ ಕೊಟ್ಟು ಪಡೆದದ್ದರಿಂದ ಬಂಧ ಉಂಟಾಗಿ ಅಡುಗೆ ಉಪ್ಪು ಹುಟ್ಟುತ್ತದೆ. ಕಪ್ಪುಹಲಗೆಯ ಮೇಲೆ ಎರಡು ವೃತ್ತ, ಒಂದಿಷ್ಟು ಚುಕ್ಕೆ, ಎಡದಿಂದ ಬಲಕ್ಕೊಂದು ಬಾಣ. ಇಷ್ಟು ಬರೆದರೆ ಪೂರ್ಣ ಅಂಕ.

ಈ ವಿವರಣೆಯನ್ನು ಎಷ್ಟು ತಲೆಮಾರುಗಳು ಕಲಿತಿವೆಯೆಂದರೆ ಇದನ್ನು ಪ್ರಶ್ನಿಸಬಹುದೆಂದೇ ಯಾರಿಗೂ ಅನ್ನಿಸುವುದಿಲ್ಲ. ಆದರೂ ಪ್ರಶ್ನಿಸಲೇಬೇಕು. ಈ ಕಥೆ ಉಪ್ಪಿನ ಸೂತ್ರವನ್ನು ಸರಿಯಾಗಿ ಹೇಳಿಕೊಡುತ್ತದೆ, ಬಂಧ ಯಾಕೆ ಆಗುತ್ತದೆ ಎಂಬುದನ್ನು ಹೇಳಿಕೊಡುವುದಿಲ್ಲ. ಎಲೆಕ್ಟ್ರಾನಿನ ವರ್ಗಾವಣೆ ಬಂಧವೂ ಅಲ್ಲ, ಬಂಧದ ಕಾರಣವೂ ಅಲ್ಲ. ವಿರುದ್ಧ ಆವೇಶದ ಅಸಂಖ್ಯಾತ ಅಯಾನುಗಳು ಸುತ್ತಲೂ ಪರಸ್ಪರ ಸೆಳೆದು ಹಿಡಿದಿರುವುದೇ ಅಯಾನಿಕ ಬಂಧ. ಲೋಹವೂ ಅನಿಲವೂ ಕೂಡಿ ಉಪ್ಪಾಗುವಲ್ಲಿ ವರ್ಗಾವಣೆ ನಡೆಯುವುದು ನಿಜ. ಆದರೆ ಅಲ್ಲಿ ಅದು ಖರ್ಚಿನ ಬಾಬತ್ತು. ಆ ಖರ್ಚನ್ನು ಭರಿಸುವುದು ಸೆಳೆತ. ನಾವು ಮಕ್ಕಳಿಗೆ ಖರ್ಚನ್ನು ಆದಾಯವೆಂದು ಹೇಳಿಕೊಡುತ್ತಿದ್ದೇವೆ.

ಲೆಕ್ಕವನ್ನೇ ನೋಡೋಣ. ಅನಿಲರೂಪದ ಒಂದು ಮೋಲ್, ಅಂದರೆ 23 ಗ್ರಾಂ ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಸೋಡಿಯಂ ಎಲೆಕ್ಟ್ರಾನನ್ನು ತಾನಾಗಿ ಕೊಡುವುದಿಲ್ಲ, ಅದರಿಂದ ಕಿತ್ತುಕೊಳ್ಳಬೇಕಾಗುತ್ತದೆ. ಆ ಎಲೆಕ್ಟ್ರಾನುಗಳನ್ನು ಒಂದು ಮೋಲ್ ಕ್ಲೋರಿನ್ ಪರಮಾಣುಗಳಿಗೆ ಸೇರಿಸಿದಾಗ ಮರಳಿ ಬರುವುದು ಸುಮಾರು 349 ಕಿಲೋಜೂಲ್. ಒಳಗೆ ಹಾಕಿದ್ದು 496, ಹೊರಗೆ ಬಂದದ್ದು 349. ನಿವ್ವಳ 147 ಕಿಲೋಜೂಲ್ ಕೊರತೆ. ಎರಡೂ ಪರಮಾಣುಗಳು ಎಂಟರ ಪೂರ್ಣತೆಯನ್ನು ಪಡೆದಿವೆ, ಆದರೂ ಒಟ್ಟು ವ್ಯವಸ್ಥೆ ಮೊದಲಿಗಿಂತ ಹೆಚ್ಚು ಶಕ್ತಿಯಲ್ಲಿದೆ, ಅಂದರೆ ಮೊದಲಿಗಿಂತ ಅಸ್ಥಿರವಾಗಿದೆ. ಸ್ಥಿರತೆಗಾಗಿ ವರ್ಗಾವಣೆ ನಡೆಯುತ್ತದೆ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಸೋಡಿಯಂ ಒಂದು ವಿಶೇಷ ಪ್ರಸಂಗವಿರಬಹುದು ಎನ್ನುವವರು ಸೀಸಿಯಮನ್ನು ತೆಗೆದುಕೊಳ್ಳಲಿ. ಎಲೆಕ್ಟ್ರಾನನ್ನು ಅತಿ ಸುಲಭವಾಗಿ ಕಳೆದುಕೊಳ್ಳುವ ಧಾತು ಅದು. ಅದಕ್ಕೂ ಮೋಲ್‌ಗೆ 376 ಕಿಲೋಜೂಲ್ ತೆರಬೇಕು. ಇನ್ನೊಂದು ಕಡೆ, ಎಲೆಕ್ಟ್ರಾನ್ ಸೇರಿದಾಗ ಅತಿ ಹೆಚ್ಚು ಶಕ್ತಿ ಬಿಡುವ ಧಾತು ಕ್ಲೋರಿನ್. ಅದರಿಂದ ಬರುವುದು 349. ಆವರ್ತ ಕೋಷ್ಟಕದ ಈ ಎರಡು ತುದಿಗಳನ್ನು ಜೋಡಿಸಿದರೂ ಸುಮಾರು 27 ಕಿಲೋಜೂಲ್ ಕೊರತೆ ಉಳಿಯುತ್ತದೆ. ಅಂದಮೇಲೆ ದೂರದೂರ ನಿಂತ ಎರಡು ತಟಸ್ಥ ಪರಮಾಣುಗಳ ನಡುವೆ ಕೇವಲ ಎಲೆಕ್ಟ್ರಾನ್ ದಾಟಿದ್ದರಿಂದಲೇ ಲಾಭವಾಗುವ ಒಂದೇ ಒಂದು ಜೋಡಿಯೂ ಕೋಷ್ಟಕದಲ್ಲಿ ಸಿಗುವುದಿಲ್ಲ. ನಮ್ಮ ಪಾಠದ ಆ ಬಾಣ ತನ್ನಷ್ಟಕ್ಕೆ ತಾನು ಎಲ್ಲಿಯೂ ಇಳಿಜಾರಿನಲ್ಲಿ ಸಾಗುವುದಿಲ್ಲ, ಏರುದಾರಿಯಲ್ಲೇ ಸಾಗುತ್ತದೆ.

ಸೋಡಿಯಂ ಸ್ವಭಾವತಃ ದಾನಿ ಎಂಬ ಮಾತನ್ನೂ ಪರೀಕ್ಷಿಸಬೇಕು. ಒಂಟಿ ಸೋಡಿಯಂ ಪರಮಾಣುವಿಗೆ ಇನ್ನೊಂದು ಎಲೆಕ್ಟ್ರಾನನ್ನು ಸೇರಿಸಿದರೆ ಮೋಲ್‌ಗೆ ಸುಮಾರು 53 ಕಿಲೋಜೂಲ್ ಶಕ್ತಿ ಹೊರಬರುತ್ತದೆ. ಅಂದರೆ ಒಂಟಿ ಸೋಡಿಯಂ ಎಲೆಕ್ಟ್ರಾನನ್ನು ಕಳೆದುಕೊಂಡರೆ ನಷ್ಟ, ಪಡೆದುಕೊಂಡರೆ ಲಾಭ. ಇದು ಬರಿಯ ಕಾಗದದ ಲೆಕ್ಕವೂ ಅಲ್ಲ. 1974ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಡೈ ಮತ್ತು ಸಂಗಡಿಗರು ಚಿನ್ನದ ಬಣ್ಣದ ಒಂದು ಹರಳನ್ನು ತಯಾರಿಸಿದರು. ಅದರಲ್ಲಿ ಅರ್ಧದಷ್ಟು ಸೋಡಿಯಂ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಪಂಜರದಂಥ ಸಾವಯವ ಅಣುಗಳೊಳಗೆ ಕೂತಿದ್ದವು. ಉಳಿದರ್ಧ ಆ ಎಲೆಕ್ಟ್ರಾನುಗಳನ್ನು ಪಡೆದು ಋಣ ಅಯಾನುಗಳಾಗಿದ್ದವು. ಕೊಟ್ಟದ್ದೂ ಸೋಡಿಯಂ, ಪಡೆದದ್ದೂ ಸೋಡಿಯಂ. ಸುತ್ತಲಿನ ಏರ್ಪಾಡು ಬದಲಾದರೆ ಪರಮಾಣುವಿನ ಪಾತ್ರವೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆಕ್ಸಿಜನ್ನಿನ ವಿಷಯದಲ್ಲಂತೂ ಅಷ್ಟಕದ, ಅಂದರೆ ಎಂಟರ ಪೂರ್ಣತೆಯ, ವಾದ ಇನ್ನೂ ಬಡವಾಗಿ ಕಾಣುತ್ತದೆ. ಆಕ್ಸಿಜನ್ ಎರಡು ಎಲೆಕ್ಟ್ರಾನ್ ಪಡೆದು ಎಂಟನ್ನು ತುಂಬಿಕೊಳ್ಳುತ್ತದೆ ಎನ್ನುತ್ತೇವೆ. ಮೊದಲನೆಯದು ಸೇರುವಾಗ ಮೋಲ್‌ಗೆ ಸುಮಾರು 141 ಕಿಲೋಜೂಲ್ ಹೊರಬರುವುದು ನಿಜ. ಎರಡನೆಯದು ಸೇರಬೇಕಾದಾಗ ಆ ಅಯಾನು ಆಗಲೇ ಋಣವಾಗಿರುತ್ತದೆ, ಬರುವ ಎಲೆಕ್ಟ್ರಾನನ್ನು ವಿಕರ್ಷಿಸುತ್ತದೆ. ಅದನ್ನು ಒಳಗೆ ತಳ್ಳಲು 700 ಕಿಲೋಜೂಲ್‌ಗೂ ಹೆಚ್ಚು ವ್ಯಯಿಸಬೇಕು. ಎಂಟು ಎಲೆಕ್ಟ್ರಾನುಗಳ ಪೂರ್ಣ ಕವಚವುಳ್ಳ ಆಕ್ಸೈಡ್ ಅಯಾನನ್ನು ನಿರ್ವಾತದಲ್ಲಿ ಒಂಟಿಯಾಗಿ ಇಟ್ಟರೆ ಅದು ಎರಡನೆಯ ಎಲೆಕ್ಟ್ರಾನನ್ನು ಹೊರಗೆ ಹಾಕಿಬಿಡುತ್ತದೆ. ಪೂರ್ಣತೆಯೇ ಸ್ಥಿರತೆಯ ಮೂಲವಾಗಿದ್ದರೆ ಹೀಗಾಗಬಾರದಿತ್ತು. ಅದೇ ಅಯಾನು ಮೆಗ್ನೀಸಿಯಂ ಆಕ್ಸೈಡಿನ ಹರಳಿನೊಳಗೆ, ಆರು ಧನ ಅಯಾನುಗಳ ನಡುವೆ, ಉಕ್ಕಿನ ಕುಲುಮೆಯ ಬಿಸಿಯನ್ನೂ ತಡೆದು ನಿಲ್ಲುತ್ತದೆ. ಅದನ್ನು ಉಳಿಸಿರುವುದು ಅದರ ಸುತ್ತ ಇರುವ ನೆರೆಹೊರೆ.

ಹಾಗಾದರೆ ಕೊರತೆಯನ್ನು ತುಂಬುವುದು ಎಲ್ಲಿಂದ? ಉತ್ತರ ಹರಳಿನ ರಚನೆಯಲ್ಲಿದೆ. 1913ರಲ್ಲಿ ವಿಲಿಯಂ ಹೆನ್ರಿ ಬ್ರಾಗ್ ಮತ್ತು ಅವರ ಮಗ ವಿಲಿಯಂ ಲಾರೆನ್ಸ್ ಬ್ರಾಗ್ ಕ್ಷ-ಕಿರಣಗಳ ಸಹಾಯದಿಂದ ಉಪ್ಪಿನ ಒಳಗನ್ನು ಕಂಡರು. ಎರಡು ವರ್ಷಗಳ ನಂತರ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಅವರು ಕಂಡದ್ದು ಜೋಡಿಗಳನ್ನಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಸಮಾನ ದೂರದಲ್ಲಿ ಆರು ಕ್ಲೋರೈಡ್ ಅಯಾನುಗಳು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ ಅಯಾನುಗಳು. ನಡುವಿನ ಅಂತರ 2.82 ಆಂಗ್‌ಸ್ಟ್ರಾಂ. ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು.

ಈ ಜೋಡಣೆಯಲ್ಲಿ ಒಂದು ಸೋಡಿಯಂ ಅಯಾನಿನ ಸೆಳೆತ-ವಿಕರ್ಷಣೆಗಳ ಶಕ್ತಿಯನ್ನು ಎಣಿಸುತ್ತ ಹೋಗಬಹುದು. ಅತಿ ಹತ್ತಿರದ ಆರು ಕ್ಲೋರೈಡುಗಳು ಸೆಳೆಯುತ್ತವೆ. ಅವುಗಳಾಚೆ, ಸುಮಾರು 4 ಆಂಗ್‌ಸ್ಟ್ರಾಂ ದೂರದ ಹನ್ನೆರಡು ಸೋಡಿಯಂ ಅಯಾನುಗಳು ವಿಕರ್ಷಿಸುತ್ತವೆ. ಅದರಾಚೆ ಎಂಟು ಕ್ಲೋರೈಡುಗಳು ಮತ್ತೆ ಸೆಳೆಯುತ್ತವೆ. ಹೀಗೆ ಕೂಡುತ್ತ ಕಳೆಯುತ್ತ ಹರಳಿನ ಉದ್ದಗಲಕ್ಕೂ ಹೋದರೆ ಒಟ್ಟು ಸೆಳೆತದ ಶಕ್ತಿ ಅಷ್ಟೇ ಅಂತರದ ಒಂದು ಜೋಡಿಯ ಸೆಳೆತದ ಶಕ್ತಿಯ 1.7476 ಪಟ್ಟು ಆಗುತ್ತದೆ. 1918ರಲ್ಲಿ ಇಂಥ ಮೊತ್ತವನ್ನು ಕೂಡಿಸುವ ದಾರಿ ತೋರಿದ ಎರ್ವಿನ್ ಮಾಡೆಲುಂಗ್ ಅವರ ಹೆಸರಿನಲ್ಲೇ ಈ ಸಂಖ್ಯೆ ಪ್ರಸಿದ್ಧವಾಗಿದೆ. ಅಯಾನುಗಳು ತೀರ ಒತ್ತಿಕೊಂಡಾಗ ಹುಟ್ಟುವ ವಿಕರ್ಷಣೆಯನ್ನೂ ಕಳೆದ ಮೇಲೆ, ದೂರದಲ್ಲಿದ್ದ ಅಯಾನುಗಳು ಹರಳಾಗಿ ಕೂಡುವಾಗ ಮೋಲ್‌ಗೆ ಸುಮಾರು 788 ಕಿಲೋಜೂಲ್ ಹೊರಬರುತ್ತದೆ. ಇದೇ ಜಾಲಕ ಶಕ್ತಿ.

ಈಗ ಪೂರ್ತಿ ಲೆಕ್ಕ ಹಾಕೋಣ. ಸೋಡಿಯಂ ಲೋಹದಿಂದ ಪರಮಾಣುಗಳನ್ನು ಬೇರೆಮಾಡಲು ಸುಮಾರು 108. ಕ್ಲೋರಿನ್ ಅಣುಗಳನ್ನು ಒಡೆದು ಒಂದು ಮೋಲ್ ಪರಮಾಣು ಪಡೆಯಲು ಸುಮಾರು 121. ಸೋಡಿಯಂನಿಂದ ಎಲೆಕ್ಟ್ರಾನ್ ಕೀಳಲು 496. ಒಟ್ಟು ಖರ್ಚು 725. ಕ್ಲೋರಿನ್ ಕಡೆಯಿಂದ ಬಂದದ್ದು 349, ಹರಳು ಕೊಟ್ಟದ್ದು 788. ಒಟ್ಟು ಜಮೆ 1,137. ಉಳಿಯುವ ಲಾಭ ಸುಮಾರು 412 ಕಿಲೋಜೂಲ್. ಸೋಡಿಯಂ ಮತ್ತು ಕ್ಲೋರಿನ್‌ಗಳನ್ನು ನೇರವಾಗಿ ಕೂಡಿಸಿ ಅಳೆದಾಗ ಸಿಗುವ ಉಷ್ಣವೂ ಇದಕ್ಕೆ ಹೊಂದುತ್ತದೆ, ಸುಮಾರು 411. ಹರಳಿನ 788 ಅನ್ನು ಈ ಲೆಕ್ಕದಿಂದ ತೆಗೆದುಹಾಕಿ ನೋಡಿ, ಉಪ್ಪು ಹುಟ್ಟುವುದೇ ಇಲ್ಲ.

1919ರಲ್ಲಿ ಈ ಲೆಕ್ಕದ ಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖರು ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್. ಬಾರ್ನ್ ಅವರಿಗೂ ಬೆಂಗಳೂರಿಗೂ ನಂಟಿದೆ. ನಾಜಿ ಆಡಳಿತದಿಂದಾಗಿ ಜರ್ಮನಿಯನ್ನು ಬಿಟ್ಟಿದ್ದ ಅವರು ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಕೆಲವು ತಿಂಗಳು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಉಪ್ಪಿನ ಹರಳು ಯಾಕೆ ಗಟ್ಟಿಯಾಗಿದೆ ಎಂದು ಲೆಕ್ಕ ಹಾಕಿ ತೋರಿಸಿದ ವ್ಯಕ್ತಿ ನಮ್ಮ ನಡುವೆ ಪಾಠ ಹೇಳಿ ಹೋಗಿದ್ದಾರೆ. ನಮ್ಮ ಶಾಲೆಗಳು ಮಾತ್ರ ಆ ಲೆಕ್ಕಕ್ಕಿಂತ ಹಿಂದಿನ ಕಥೆಯಲ್ಲೇ ನಿಂತಿವೆ.

ಹರಳೇ ಇಲ್ಲದೆ ಒಂದು ಸೋಡಿಯಂ, ಒಂದು ಕ್ಲೋರಿನ್ ಮಾತ್ರ ಎದುರಾದರೆ ಏನಾಗುತ್ತದೆ ಎಂದು ಕೇಳಬಹುದು. ಪಾಠದ ಚಿತ್ರಕ್ಕೆ ಅತಿ ಹತ್ತಿರದ ಸಂದರ್ಭ ಇದೇ, ಆದ್ದರಿಂದ ಇದನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಅಲ್ಲಿಯೂ ವರ್ಗಾವಣೆ ಮೊದಲು, ಸೆಳೆತ ಆಮೇಲೆ ಎಂಬ ಕ್ರಮ ನಿಲ್ಲುವುದಿಲ್ಲ. 147 ಕಿಲೋಜೂಲ್ ಕೊರತೆಯನ್ನು ತುಂಬಿಕೊಡುವಷ್ಟು ಸೆಳೆತ ಸಿಗಬೇಕಾದರೆ ಎರಡರ ನಡುವಿನ ಅಂತರ ಸುಮಾರು 9.4 ಆಂಗ್‌ಸ್ಟ್ರಾಂಗೆ ಇಳಿಯಬೇಕು ಎಂದು ಕೂಲಂಬ್ ನಿಯಮದಿಂದಲೇ ತಿಳಿಯುತ್ತದೆ. ಅದಕ್ಕಿಂತ ದೂರದಲ್ಲಿ ಎರಡೂ ತಟಸ್ಥವಾಗಿರುವುದೇ ಅಗ್ಗ. ಹತ್ತಿರ ಬಂದಾಗ ಎಲೆಕ್ಟ್ರಾನ್ ದಾಟುವುದು ಯಾಕೆಂದರೆ ದಾಟಿದ ಮೇಲೆ ಸಿಗುವ ಸೆಳೆತ ಆ ಖರ್ಚನ್ನು ಭರಿಸುತ್ತದೆ. ಅನಿಲರೂಪದ ಸೋಡಿಯಂ ಕ್ಲೋರೈಡ್ ಅಣುವನ್ನು ಎಳೆದು ಬೇರೆಮಾಡಿದರೆ ಕೊನೆಗೆ ಸಿಗುವುದು ಅಯಾನುಗಳಲ್ಲ, ತಟಸ್ಥ ಪರಮಾಣುಗಳು. ಸೆಳೆತ ತಪ್ಪಿದೊಡನೆ ಎಲೆಕ್ಟ್ರಾನ್ ಮರಳಿ ಬರುತ್ತದೆ.

ಇಷ್ಟೆಲ್ಲ ಹೇಳಿದರೂ, ಉಪ್ಪು ಸಾಮಾನ್ಯವಾಗಿ ಹುಟ್ಟುವ ದಾರಿಯೇ ಇದಲ್ಲ. ಇದು ನನ್ನ ಆಕ್ಷೇಪದ ಎರಡನೆಯ ಭಾಗ. ಮನುಷ್ಯ ಸಾವಿರಾರು ವರ್ಷ ಉಪ್ಪು ತಿಂದ ಮೇಲೆ, 1807ರಲ್ಲಿ, ಹಂಫ್ರಿ ಡೇವಿ ಕಾಸ್ಟಿಕ್ ಸೋಡಾದೊಳಗೆ ವಿದ್ಯುತ್ ಹರಿಸಿ ಸೋಡಿಯಂ ಲೋಹವನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಅದಕ್ಕೆ ಮುಂಚೆ ಆ ಲೋಹವನ್ನು ಯಾರೂ ಕಂಡಿರಲಿಲ್ಲ, ಯಾಕೆಂದರೆ ಭೂಮಿಯ ಮೇಲೆ ಅದು ಬಿಡಿಯಾಗಿ ಸಿಗುವುದಿಲ್ಲ. ಇಂದಿಗೂ ಕಾರ್ಖಾನೆಗಳು ಕರಗಿಸಿದ ಉಪ್ಪಿಗೆ ವಿದ್ಯುತ್ ಹಾಯಿಸಿ ಸೋಡಿಯಂ ಪಡೆಯುತ್ತವೆ. ಉಪ್ಪಿನಿಂದ ಸೋಡಿಯಂ ಬರುತ್ತದೆ. ಪಾಠ ಹೇಳುವುದು ಇದಕ್ಕೆ ತಿರುಗಾಮುರುಗಾ.

ಉತ್ತರ ಕನ್ನಡದ ಸಾಣಿಕಟ್ಟಾ ಆಗರಗಳಲ್ಲಿ ಉಪ್ಪು ಹೇಗೆ ಆಗುತ್ತದೆ ಎಂಬುದನ್ನು ನೆನೆಯಿರಿ. ಅಘನಾಶಿನಿಯ ಅಳಿವೆಯಿಂದ ಉಬ್ಬರದ ಉಪ್ಪುನೀರನ್ನು ಒಳಗೆ ಬಿಟ್ಟು, ಪಾತಿಯಿಂದ ಪಾತಿಗೆ ಹಾಯಿಸಿ, ಬಿಸಿಲಿಗೆ ಇಂಗಿಸುತ್ತಾರೆ. ಒಂದು ಕಿಲೋ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಾಂಶವಿರುತ್ತದೆ. ಅದರಲ್ಲಿ ಹತ್ತೊಂಬತ್ತು ಗ್ರಾಂಗೂ ಹೆಚ್ಚು ಕ್ಲೋರೈಡ್, ಹತ್ತಕ್ಕೂ ಹೆಚ್ಚು ಸೋಡಿಯಂ. ಎರಡೂ ನೀರಿನಲ್ಲಿ ಅಯಾನುಗಳಾಗಿಯೇ ಇವೆ, ಎಷ್ಟೋ ಕಾಲದಿಂದ ಹಾಗೆಯೇ ಇವೆ. ನೀರು ಆರಿದಂತೆ ಅವು ಹತ್ತಿರವಾಗುತ್ತವೆ, ಸೆಳೆತ ಮೇಲುಗೈ ಪಡೆಯುತ್ತದೆ, ಹರಳು ಕಟ್ಟುತ್ತದೆ. ಆ ಪಾತಿಯಲ್ಲಿ ಹರಳು ಕಟ್ಟುವಾಗ ಯಾವ ಸೋಡಿಯಂ ಕೂಡ ಯಾವ ಕ್ಲೋರಿನ್‌ಗೂ ಎಲೆಕ್ಟ್ರಾನ್ ಕೊಡುವುದಿಲ್ಲ. ಆದರೂ ಅಲ್ಲಿ ಹುಟ್ಟುವುದು ಅಪ್ಪಟ ಅಯಾನಿಕ ಬಂಧ. ವರ್ಗಾವಣೆಯೇ ಬಂಧ ಎನ್ನುವವರು ಸಾಣಿಕಟ್ಟಾದ ಉಪ್ಪಿನಲ್ಲಿ ಬಂಧವೇ ಇಲ್ಲ ಎನ್ನಬೇಕಾಗುತ್ತದೆ.

ಶಾಲೆಯ ಪ್ರಯೋಗಾಲಯದಲ್ಲೂ ಇದೇ ಸಾಕ್ಷಿ ಸಿಗುತ್ತದೆ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಉಪ್ಪಿನ ದ್ರಾವಣ ಹಾಕಿದೊಡನೆ ಬಿಳಿ ಸಿಲ್ವರ್ ಕ್ಲೋರೈಡ್ ತಳಕ್ಕೆ ಕೂರುತ್ತದೆ. ಬೆಳ್ಳಿಯ ಅಯಾನು ಒಂದು ಬಾಟಲಿಯಿಂದ, ಕ್ಲೋರೈಡ್ ಇನ್ನೊಂದರಿಂದ ಬಂದವು. ಎರಡೂ ಮೊದಲೇ ಅಯಾನುಗಳು, ಸೇರಿದ ಮೇಲೂ ಅಯಾನುಗಳು. ಯಾರೂ ಏನನ್ನೂ ಕೊಟ್ಟಿಲ್ಲ. ವಿದ್ಯಾರ್ಥಿ ಈ ಪ್ರಯೋಗವನ್ನು ಕಣ್ಣಾರೆ ನೋಡುತ್ತಾನೆ, ಮರುದಿನ ಪರೀಕ್ಷೆಯಲ್ಲಿ ಅಯಾನಿಕ ಬಂಧಕ್ಕೆ ಎಲೆಕ್ಟ್ರಾನ್ ವರ್ಗಾವಣೆಯೇ ಕಾರಣ ಎಂದು ಬರೆಯುತ್ತಾನೆ. ಎರಡರ ನಡುವಿನ ವಿರೋಧ ಅವನಿಗೆ ಕಾಣುವುದಿಲ್ಲ, ಕಾಣುವಂತೆ ನಾವು ಕಲಿಸಿಲ್ಲ.

ಈ ಕಥೆ ಮಾಡುವ ಅತಿ ದೊಡ್ಡ ಹಾನಿ ಎಂದರೆ ಮಗುವಿನ ಮನಸ್ಸಿನಲ್ಲಿ ಇಲ್ಲದ ಅಣುವನ್ನು ಕೂರಿಸುವುದು. ಒಂದು ಸೋಡಿಯಂ ಒಂದು ಕ್ಲೋರಿನ್‌ಗೆ ಕೊಟ್ಟಿತು ಎಂದಮೇಲೆ ಆ ಎರಡೇ ಒಂದು ಜೋಡಿ, ಉಪ್ಪಿನ ಹರಳು ಅಂಥ ಜೋಡಿಗಳ ರಾಶಿ ಎಂದು ಮಗು ಊಹಿಸುತ್ತದೆ. ಇಂಗ್ಲೆಂಡಿನ ಕೀತ್ ಟೇಬರ್ 1990ರ ದಶಕದಿಂದ ವಿದ್ಯಾರ್ಥಿಗಳ ಈ ಗ್ರಹಿಕೆಯನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಎಲೆಕ್ಟ್ರಾನ್ ಕೊಟ್ಟ ಅಯಾನಿಗೂ ಪಡೆದ ಅಯಾನಿಗೂ ಮಾತ್ರ ನಿಜವಾದ ಬಂಧ, ಉಳಿದ ಐದು ನೆರೆಯವುಗಳೊಂದಿಗೆ ಬರಿಯ ಸೆಳೆತ ಎಂದು ಎಷ್ಟೋ ಮಕ್ಕಳು ನಂಬುತ್ತಾರೆ ಎಂಬುದನ್ನು ಅವರು ತೋರಿಸಿದರು. ನಿಜದಲ್ಲಿ ಆ ಆರರಲ್ಲಿ ಯಾವುದಕ್ಕೂ ಹೆಚ್ಚಿನ ಹಕ್ಕಿಲ್ಲ. ಯಾವ ಎಲೆಕ್ಟ್ರಾನ್ ಎಲ್ಲಿಂದ ಬಂತು ಎಂಬುದನ್ನು ಹರಳು ನೆನಪಿಟ್ಟುಕೊಳ್ಳುವುದಿಲ್ಲ, ಒಂದು ಎಲೆಕ್ಟ್ರಾನಿಗೂ ಇನ್ನೊಂದಕ್ಕೂ ಗುರುತಿನ ವ್ಯತ್ಯಾಸವೇ ಇಲ್ಲ.

ಈ ಭ್ರಮೆ ಮಕ್ಕಳದಷ್ಟೇ ಅಲ್ಲ ಎಂಬುದೂ ಗಮನಿಸಬೇಕಾದ ಸಂಗತಿ. ಬ್ರಾಗ್‌ಗಳ ಶೋಧ ಬಂದು ಹದಿನಾಲ್ಕು ವರ್ಷಗಳಾದ ಮೇಲೂ, 1927ರಲ್ಲಿ, ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ ನೇಚರ್ ಪತ್ರಿಕೆಗೆ ಬರೆದು, ಉಪ್ಪಿನಲ್ಲಿ ಅಣುಗಳೇ ಇಲ್ಲವೆಂಬ, ಚದುರಂಗದ ಮಣೆಯಂತೆ ಅಯಾನುಗಳು ಜೋಡಣೆಯಾಗಿವೆಯೆಂಬ ಮಾತನ್ನು ಕಟುವಾಗಿ ವಿರೋಧಿಸಿದರು. ಜೋಡಿಯ ಕಲ್ಪನೆ ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದಕ್ಕೆ ಅದು ನಿದರ್ಶನ. ಅಂಥ ವಿದ್ವಾಂಸರನ್ನೇ ಹಿಡಿದ ಕಲ್ಪನೆಯನ್ನು ಹದಿನೈದರ ಮಗುವಿನ ಮನಸ್ಸಿನಲ್ಲಿ ಮೊದಲು ಬಿತ್ತಿ ಆಮೇಲೆ ಕೀಳಲು ಹೊರಡುವುದು ಒಳ್ಳೆಯ ಬೋಧನೆಯಲ್ಲ.

ಅಷ್ಟಕ ನಿಯಮದ ವ್ಯಾಪ್ತಿಯನ್ನೂ ಇಲ್ಲಿ ಅಳೆಯಬೇಕು. ಸಿಲ್ವರ್ ಕ್ಲೋರೈಡಿನ ಬೆಳ್ಳಿ ಅಯಾನಿನ ಹೊರಕವಚದಲ್ಲಿ ಎಂಟಲ್ಲ, ಹದಿನೆಂಟು ಎಲೆಕ್ಟ್ರಾನುಗಳಿವೆ. ಕಬ್ಬಿಣದ ಎರಡು ಸಾಮಾನ್ಯ ಅಯಾನುಗಳಲ್ಲಿ ಹದಿನಾಲ್ಕು ಮತ್ತು ಹದಿಮೂರು. ಮಲೆನಾಡಿನ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದು ಎಂಟರ ನಿಯಮಕ್ಕೆ ಒಗ್ಗದ ಇಂಥ ಕಬ್ಬಿಣವೇ. ಎಂಟನ್ನು ಹೊಂದಿ ಸಂಪೂರ್ಣ ತೃಪ್ತವಾಗಿದೆ ಎನ್ನಲಾಗುತ್ತಿದ್ದ ಕ್ಸೆನಾನ್ ಕೂಡ 1962ರಲ್ಲಿ ನೀಲ್ ಬಾರ್ಟ್‌ಲೆಟ್ ಅವರ ಕೈಯಲ್ಲಿ ಪ್ಲಾಟಿನಂ ಹೆಕ್ಸಾಫ್ಲೋರೈಡಿನೊಂದಿಗೆ ವರ್ತಿಸಿತು. ಬಾರ್ಟ್‌ಲೆಟ್ ಆ ಪ್ರಯೋಗಕ್ಕೆ ಕೈಹಾಕಿದ್ದೇ ಶಕ್ತಿಯ ಲೆಕ್ಕ ನೋಡಿ. ಆಕ್ಸಿಜನ್ ಅಣುವಿನಿಂದಲೂ ಕ್ಸೆನಾನ್‌ನಿಂದಲೂ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ ಹತ್ತಿರಹತ್ತಿರ ಒಂದೇ, ಹಾಗಾಗಿ ಆಕ್ಸಿಜನ್ನಿನೊಂದಿಗೆ ನಡೆದ ಕ್ರಿಯೆ ಕ್ಸೆನಾನ್‌ನೊಂದಿಗೂ ನಡೆಯಬೇಕು ಎಂದು ಅವರು ತರ್ಕಿಸಿದರು. ಎಂಟರ ಮಂತ್ರವನ್ನು ನಂಬಿ ಕೂತಿದ್ದರೆ ಆ ಶೋಧವೇ ನಡೆಯುತ್ತಿರಲಿಲ್ಲ.

ಎಂಟರ ನಿಯಮ ಪಾಲಿಸುವ ಸಂಯುಕ್ತಗಳ ನಡುವೆಯೂ ಅದು ಏನನ್ನೂ ವಿವರಿಸುವುದಿಲ್ಲ. ಸೋಡಿಯಂ ಫ್ಲೋರೈಡ್ ಸುಮಾರು 993 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕ್ಲೋರೈಡ್ 801ರಲ್ಲಿ, ಬ್ರೋಮೈಡ್ 747ರಲ್ಲಿ, ಅಯೋಡೈಡ್ 661ರಲ್ಲಿ. ನಾಲ್ಕರಲ್ಲೂ ವರ್ಗಾವಣೆ ಒಂದೇ, ನಾಲ್ಕರಲ್ಲೂ ಎಂಟರ ಪೂರ್ಣತೆ ಒಂದೇ. ಹಾಗಾದರೆ ಈ ಇಳಿಕೆ ಯಾಕೆ? ಋಣ ಅಯಾನು ದೊಡ್ಡದಾದಂತೆ ಅಂತರ ಹೆಚ್ಚುತ್ತದೆ, ಸೆಳೆತ ಕುಗ್ಗುತ್ತದೆ. ಮೆಗ್ನೀಸಿಯಂ ಆಕ್ಸೈಡ್ 2,800 ಡಿಗ್ರಿ ದಾಟಿದ ಮೇಲೆ ಕರಗುವುದು ಯಾಕೆ? ಎರಡೂ ಕಡೆ ಆವೇಶ ಇಮ್ಮಡಿ, ಹಾಗಾಗಿ ಸೆಳೆತ ನಾಲ್ಕು ಪಟ್ಟು, ಜೊತೆಗೆ ಅಂತರವೂ ಕಡಿಮೆ. ಅಲ್ಯೂಮಿನಿಯಂ ಫ್ಲೋರೈಡ್ 1,200 ಡಿಗ್ರಿ ದಾಟುವವರೆಗೂ ಘನವಾಗಿ ನಿಲ್ಲುತ್ತದೆ, ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 ಡಿಗ್ರಿಗೇ ಆವಿಯಾಗುತ್ತದೆ. ಚುಕ್ಕೆ-ಬಾಣದ ಚಿತ್ರ ಎರಡಕ್ಕೂ ಒಂದೇ. ಉಪ್ಪಿನ ಹರಳು ಸುತ್ತಿಗೆಯ ಪೆಟ್ಟಿಗೆ ಬಾಗದೆ ಸೀಳುವುದು, ಘನವಾಗಿದ್ದಾಗ ವಿದ್ಯುತ್ ಹರಿಸದೆ ಕರಗಿದಾಗ ಹರಿಸುವುದು, ಎಲ್ಲದಕ್ಕೂ ಉತ್ತರ ಅಯಾನುಗಳ ಜೋಡಣೆಯಲ್ಲಿ ಸಿಗುತ್ತದೆ. ದಾನದ ಕಥೆ ಇವುಗಳಲ್ಲಿ ಒಂದಕ್ಕೂ ಉತ್ತರಿಸುವುದಿಲ್ಲ.

ಇನ್ನು ಈ ಕಥೆಯ ಪರವಾಗಿ ಹೇಳುವ ಮಾತುಗಳನ್ನು ಗೌರವದಿಂದಲೇ ನೋಡೋಣ. ಅಷ್ಟಕ ನಿಯಮದಿಂದ ಸೂತ್ರಗಳು ಸರಿಯಾಗಿ ಬರುತ್ತವಲ್ಲ ಎಂಬುದು ಮೊದಲನೆಯ ವಾದ. ಬರುತ್ತವೆ, ನಿಜ. ಆದರೆ ಯಾಕೆ ಬರುತ್ತವೆ ಎಂಬುದನ್ನೂ ಶಕ್ತಿಯ ಲೆಕ್ಕವೇ ಹೇಳುತ್ತದೆ. ಮೆಗ್ನೀಸಿಯಂನ ಮೊದಲ ಎಲೆಕ್ಟ್ರಾನ್ ಕೀಳಲು 738 ಕಿಲೋಜೂಲ್, ಎರಡನೆಯದಕ್ಕೆ 1,451. ಖರ್ಚು ದೊಡ್ಡದು, ಆದರೆ ಇಮ್ಮಡಿ ಆವೇಶದ ಅಯಾನು ಕ್ಲೋರೈಡುಗಳೊಂದಿಗೆ ಹರಳಾದಾಗ ಸುಮಾರು 2,500 ಮರಳಿ ಬರುತ್ತದೆ, ಹಾಗಾಗಿ ಎರಡನ್ನೂ ಕೀಳುವುದು ಲಾಭ. ಮೂರನೆಯದು ಒಳಕವಚದ್ದು, ಅದಕ್ಕೆ 7,733 ಬೇಕು. ಅಷ್ಟನ್ನು ತುಂಬಿಕೊಡುವ ಹರಳು ಯಾವುದೂ ಇಲ್ಲ. ಸೋಡಿಯಂನಲ್ಲಿ ಈ ಗೋಡೆ ಎರಡನೆಯ ಎಲೆಕ್ಟ್ರಾನಿಗೇ ಎದುರಾಗುತ್ತದೆ, ಅದಕ್ಕೆ 4,562. ಹೀಗೆ ಲಾಭ-ನಷ್ಟದ ಗಡಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಎಂಟರ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಎಂಟು ಫಲಿತಾಂಶ. ಅದನ್ನೇ ಕಾರಣವೆಂದು ಹೇಳಿಕೊಟ್ಟರೆ ವಿಜ್ಞಾನದ ತಲೆ ಕೆಳಗಾಗುತ್ತದೆ.

ಇದು ಕೋಸೆಲ್ ಮತ್ತು ಲೂಯಿಸ್ ಅವರ ಸಿದ್ಧಾಂತವಲ್ಲವೇ, ಅದನ್ನು ತಳ್ಳಿಹಾಕುವುದು ಹೇಗೆ ಎಂಬುದು ಎರಡನೆಯ ವಾದ. ವಾಲ್ಟರ್ ಕೋಸೆಲ್ 1916ರಲ್ಲಿ ಹೇಳಿದ್ದು ಎರಡು ಮಾತು. ರಾಜಾನಿಲಗಳ ಆಸುಪಾಸಿನ ಧಾತುಗಳು ಎಲೆಕ್ಟ್ರಾನ್ ಕಳೆದು ಅಥವಾ ಪಡೆದು ಅವುಗಳ ವಿನ್ಯಾಸಕ್ಕೆ ಬರುತ್ತವೆ ಎಂಬುದು ಒಂದು. ಹಾಗಾದ ಅಯಾನುಗಳು ವಿದ್ಯುತ್ ಸೆಳೆತದಿಂದ ಒಟ್ಟಾಗಿ ನಿಲ್ಲುತ್ತವೆ ಎಂಬುದು ಇನ್ನೊಂದು. ಅದೇ ವರ್ಷ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಎಲೆಕ್ಟ್ರಾನ್ ಜೋಡಿಯ ಹಂಚಿಕೆಯನ್ನು ವಿವರಿಸಿದರು, ಮುಂದೆ ಇರ್ವಿಂಗ್ ಲಾಂಗ್‌ಮ್ಯೂರ್ ಎಂಟರ ಕಲ್ಪನೆಯನ್ನು ಜನಪ್ರಿಯಗೊಳಿಸಿದರು. ಕೋಸೆಲ್ ಅವರ ಮೊದಲ ಮಾತನ್ನು ತರಗತಿ ಹಿಗ್ಗಿಸಿ ಹೇಳಿತು, ಎರಡನೆಯದನ್ನು ಒಂದು ಸಾಲಿಗೆ ಕುಗ್ಗಿಸಿತು. ಅವರನ್ನು ತಳ್ಳಿಹಾಕಬೇಕಾಗಿಲ್ಲ, ಪೂರ್ತಿಯಾಗಿ ಓದಬೇಕು.

ಪಠ್ಯಪುಸ್ತಕದಲ್ಲಿ ಸೆಳೆತದ ಮಾತೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನದಲ್ಲಿ, ಸೋಡಿಯಂ ಕ್ಲೋರೈಡ್ ಅಣುಗಳಾಗಿ ಇರುವುದಿಲ್ಲ, ವಿರುದ್ಧ ಆವೇಶದ ಅಯಾನುಗಳ ಸಮೂಹವಾಗಿ ಇರುತ್ತದೆ ಎಂಬ ಸಾಲು ಇದೆ. ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರ ಇನ್ನೂ ಮುಂದೆ ಹೋಗಿ, ಅಯಾನಿಕ ಸಂಯುಕ್ತದ ಸ್ಥಿರತೆಯನ್ನು ಅಳೆಯಬೇಕಾದದ್ದು ಜಾಲಕದ ಶಕ್ತಿಯಿಂದ, ಅನಿಲರೂಪದ ಅಯಾನು ಎಂಟನ್ನು ಪಡೆದದ್ದರಿಂದ ಮಾತ್ರ ಅಲ್ಲ ಎಂದು ಸ್ಪಷ್ಟಪಡಿಸುತ್ತದೆ. ಸತ್ಯ ಪುಸ್ತಕದಲ್ಲೇ ಇದೆ. ಆದರೆ ಮಗುವಿನ ನೆನಪಿನಲ್ಲಿ ಉಳಿಯುವುದು ಚಿತ್ರ, ಪರೀಕ್ಷೆ ಕೇಳುವುದು ಚಿತ್ರ, ಉಪಾಧ್ಯಾಯರು ಹಲಗೆಯ ಮೇಲೆ ಬರೆಯುವುದು ಚಿತ್ರ. ಒಂದು ಸಾಲು ಅದನ್ನು ತಿದ್ದಲಾರದು.

ಮಕ್ಕಳಿಗೆ ಸರಳವಾಗಿ ಹೇಳಬೇಕಲ್ಲ ಎಂಬುದು ಮೂರನೆಯ ವಾದ, ಅತಿ ಹೆಚ್ಚು ಕೇಳಿಬರುವುದೂ ಇದೇ. ವಿರುದ್ಧ ಆವೇಶಗಳು ಸೆಳೆಯುತ್ತವೆ, ಸಮಾನ ಆವೇಶಗಳು ವಿಕರ್ಷಿಸುತ್ತವೆ ಎಂಬುದಕ್ಕಿಂತ ಸರಳವಾದದ್ದು ಯಾವುದಿದೆ? ಎಂಟನೇ ತರಗತಿಯಲ್ಲೇ ಉಜ್ಜಿದ ಬಲೂನಿನಲ್ಲಿ ಮಗು ಅದನ್ನು ಕಂಡಿರುತ್ತದೆ. ಪರಮಾಣುವಿಗೆ ಎಂಟು ಬೇಕೆಂಬ ಆಸೆಯಿದೆ, ಕೊಟ್ಟರೆ ತೃಪ್ತಿ, ಪಡೆದರೆ ಸಂತೋಷ ಎಂಬ ಮಾತು ಸರಳವಾಗಿ ಕೇಳಿಸುತ್ತದೆ ಅಷ್ಟೆ. ಅದು ಮಗುವಿನ ಮುಂದಿನ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ. ಪರಮಾಣುವಿಗೆ ಯಾಕೆ ಆಸೆ ಎಂದು ಕೇಳಿದ ಮಗುವಿಗೆ ನಮ್ಮಲ್ಲಿ ಉತ್ತರವಿಲ್ಲ. ಸೆಳೆತ ಎಷ್ಟು, ಅಂತರ ಎಷ್ಟು, ಖರ್ಚು ಎಷ್ಟು ಎಂದು ಕೇಳಿದ ಮಗುವಿಗೆ ಉತ್ತರವಿದೆ, ಅದನ್ನು ಅಳೆದೂ ತೋರಿಸಬಹುದು. ಪ್ರಶ್ನೆಗೆ ದಾರಿ ಬಿಡುವ ವಿವರಣೆಯೇ ವಿಜ್ಞಾನದ ತರಗತಿಗೆ ತಕ್ಕದ್ದು.

ಆದ್ದರಿಂದ ಪಾಠದ ಕ್ರಮವನ್ನು ತಿರುಗಿಸಬೇಕು. ಮೊದಲು ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ತೋರಿಸಲಿ, ಅಯಾನುಗಳು ಅಲ್ಲಿವೆ ಎಂಬುದು ಕಣ್ಣಿಗೆ ಬೀಳಲಿ. ಸಿಲ್ವರ್ ಕ್ಲೋರೈಡ್ ತಳಕ್ಕೆ ಕೂರುವುದನ್ನು ತೋರಿಸಿ, ಎರಡು ದ್ರಾವಣಗಳ ಅಯಾನುಗಳು ಸೆಳೆತದಿಂದ ಕೂಡಿದವು ಎಂದು ಹೇಳಲಿ. ಒಂದು ಬಟ್ಟಲು ಉಪ್ಪುನೀರನ್ನು ಕಿಟಕಿಯ ಬಳಿ ಇಟ್ಟು ಘನಾಕೃತಿಯ ಹರಳುಗಳು ಕಟ್ಟುವುದನ್ನು ಮಕ್ಕಳೇ ಗಮನಿಸಲಿ. ಆಮೇಲೆ ಎರಡು ಬಣ್ಣದ ಮಣಿಗಳಿಂದ ಒಂದರ ಸುತ್ತ ಆರು ಬರುವಂತೆ ಜೋಡಿಸಲಿ. ಅಯಾನುಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಆಗ ಸಹಜವಾಗಿ ಏಳುತ್ತದೆ. ಸೋಡಿಯಂ, ಕ್ಲೋರಿನ್‌ಗಳ ಕ್ರಿಯೆಯನ್ನೂ ವೇಲೆನ್ಸ್ ಎಲೆಕ್ಟ್ರಾನುಗಳ ಲೆಕ್ಕವನ್ನೂ ಅಲ್ಲಿ ಹೇಳಿದರೆ ಅವು ತಮ್ಮ ಸರಿಯಾದ ಜಾಗದಲ್ಲಿ ನಿಲ್ಲುತ್ತವೆ. ಇದಕ್ಕೆ ಹೊಸ ಉಪಕರಣ ಬೇಡ, ಹೆಚ್ಚಿನ ಅವಧಿಯೂ ಬೇಡ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ವಿನಂತಿ ಇಷ್ಟು. ಚುಕ್ಕೆಗಳ ಚಿತ್ರ ಬರೆಯಿರಿ ಎಂದು ಕೇಳುವ ಕಡೆ, ಸೋಡಿಯಂ ಫ್ಲೋರೈಡಿಗಿಂತ ಸೋಡಿಯಂ ಅಯೋಡೈಡ್ ಬೇಗ ಕರಗುವುದೇಕೆ ಎಂದು ಒಂದು ಸಲ ಕೇಳಿ. ಉಪಾಧ್ಯಾಯರಲ್ಲಿಯೂ ವಿನಂತಿ: ಆ ಬಾಣವನ್ನು ಬರೆದ ದಿನವೇ ಅದರ ಪಕ್ಕದಲ್ಲಿ 496, 349 ಮತ್ತು 788 ಎಂಬ ಮೂರು ಸಂಖ್ಯೆಗಳನ್ನೂ ಬರೆಯಿರಿ. ಉಪ್ಪು ಯಾಕೆ ಉಪ್ಪಾಗಿ ಉಳಿದಿದೆ ಎಂಬುದನ್ನು ಅವೇ ಹೇಳುತ್ತವೆ.